ಕಾಮಗಾರಿಯ ಯೋಜನೆ, ಅನುಷ್ಠಾನ ಮತ್ತು ಬದಲಾವಣೆಯ ನಿಯಂತ್ರಣ
(ತ್ಯಾಗರಾಜನಗರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ನಾವು ಸೇರಿರುವ ಈ ತ್ಯಾಗರಾಜನಗರಕ್ಕೆ ಹೊಂದಿಕೊಂಡಿರುವ ಬಸವನಗುಡಿ, 1890ರ ದಶಕದ ಕೊನೆಯಲ್ಲಿ, ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಡಾವಣೆ. ಅಲ್ಲಿನ ಮನೆಗಳ ಸಾಲಿನ ಹಿಂದೆ ನೈರ್ಮಲ್ಯ ಕಾರ್ಯಕ್ಕೆಂದು ಬಿಟ್ಟ ಕಿರುಓಣಿಗಳನ್ನು ತಾವು ಕಂಡಿರಬಹುದು. ಮನೆ ಕಟ್ಟುವ ಮೊದಲೇ ನಕ್ಷೆಯಲ್ಲಿ ಸ್ಥಳ ಬಿಟ್ಟಿದ್ದರಿಂದ ಅವು ಸಾಧ್ಯವಾದವು. ಮುಂದೆ ಬರಬಹುದಾದ ಅಗತ್ಯಕ್ಕೆ ಇಂದೇ ಸ್ಥಳ ಕಾಯ್ದಿರಿಸುವುದು ಯೋಜನೆಯ ಮೊದಲ ಲಕ್ಷಣ.

ಈ ಮಾತಿಗೆ ನಮ್ಮ ನಾಡಿನ ದೊಡ್ಡ ನಿದರ್ಶನ ಕನ್ನಂಬಾಡಿ ಕಟ್ಟೆ. ಮೈಸೂರು ಸರ್ಕಾರವು 41.5 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯವನ್ನು ಎರಡು ಹಂತಗಳಲ್ಲಿ ಕಟ್ಟಲು ಉದ್ದೇಶಿಸಿತ್ತು. ಮುಖ್ಯ ಇಂಜಿನಿಯರ್ ಆಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕಾವೇರಿಯ ಕೆಳಭಾಗದ ಮದ್ರಾಸ್ ಸರ್ಕಾರ ಇದಕ್ಕೆ ಒಪ್ಪಲಿಲ್ಲ. ವಿಷಯ ಭಾರತ ಸರ್ಕಾರದವರೆಗೆ ಹೋಗಿ, 11 ಟಿ.ಎಂ.ಸಿ. ಸಂಗ್ರಹಕ್ಕೆ ಮಾತ್ರ ಅನುಮತಿ ದೊರೆಯಿತು. 1911ರಲ್ಲಿ ಕೆಲಸ ಆರಂಭವಾಯಿತು. ಆದರೆ ಅಡಿಪಾಯವನ್ನು ಪೂರ್ಣ ಎತ್ತರದ ಅಣೆಕಟ್ಟಿಗೆ ತಕ್ಕಂತೆಯೇ ಹಾಕಲಾಯಿತು. ಕಟ್ಟೆ ಮೇಲೇರಿದ ಮೇಲೆ ಅಡಿಪಾಯವನ್ನು ಅಗಲಿಸುವುದು ಸುಲಭದ ಕೆಲಸವಲ್ಲ. ತಾಂತ್ರಿಕವಾಗಿ ಇದು ದೂರದೃಷ್ಟಿ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆ ಅಡಿಪಾಯದ ವಿಚಾರವೇ ಮತ್ತೊಂದು ವಿವಾದಕ್ಕೆ ಕಾರಣವಾಯಿತು. 1913ರಲ್ಲಿ ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. 1914ರಲ್ಲಿ ತೀರ್ಪು ಬಂದರೂ ಮದ್ರಾಸ್ ಅದನ್ನು ಒಪ್ಪದೆ ಮೇಲ್ಮನವಿ ಸಲ್ಲಿಸಿತು. ಕೊನೆಗೆ 1924ರ ಫೆಬ್ರುವರಿ 18ರ ಒಪ್ಪಂದದಿಂದ ಪೂರ್ಣ ಜಲಾಶಯಕ್ಕೆ ದಾರಿ ತೆರೆಯಿತು. ಅಡಿಪಾಯ ಸಿದ್ಧವಿದ್ದರೂ ಒಪ್ಪಿಗೆ ಸಿದ್ಧವಿರಲಿಲ್ಲ. ಮೇಲಿನವರು ಮಾಡುವ ಬದಲಾವಣೆಯ ಪರಿಣಾಮ ಕೆಳಗಿನವರಿಗೆ ತಟ್ಟುತ್ತದೆ. ಆದ್ದರಿಂದ ಅವರನ್ನು ಮೊದಲೇ ಕೇಳಬೇಕು. ಈ ನಿಯಮ ಕಾವೇರಿಗೆ ಹೇಗೋ ನಮ್ಮೂರಿನ ಚರಂಡಿಗೂ ಹಾಗೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 300 ಮೀಟರ್ ಚರಂಡಿಗೆ ಅಂದಾಜು ಪಟ್ಟಿ ಮಂಜೂರಾಗಿದೆ. 180 ಮೀಟರ್ ಮುಗಿದಾಗ ಬಂಡೆ ಸಿಕ್ಕಿತು. ಗುತ್ತಿಗೆದಾರರು, ಪಕ್ಕದ ಬೀದಿಗೆ ತಿರುಗಿಸೋಣವೇ ಎಂದು ಕೇಳುತ್ತಾರೆ. ಸದಸ್ಯರು ಸದುದ್ದೇಶದಿಂದಲೇ ಹೂಂ ಎನ್ನುತ್ತಾರೆ. ಕೆಲಸ ಮುಗಿಯುತ್ತದೆ. ಅಳತೆ ಪುಸ್ತಕವು ನಕ್ಷೆಗೆ ಹೊಂದದೆ ಬಿಲ್ಲು ನಿಲ್ಲುತ್ತದೆ. ಮಳೆ ಬಂದಾಗ ನೀರು ಪಕ್ಕದ ಬೀದಿಯ ಮನೆಗಳ ಅಂಗಳಕ್ಕೆ ನುಗ್ಗುತ್ತದೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಬಂಡೆ ಸಿಕ್ಕಿದ್ದು ಯಾರ ತಪ್ಪೂ ಅಲ್ಲ; ಬಾಯಿಮಾತಿನ ಒಪ್ಪಿಗೆಯಿಂದಲೇ ಇಷ್ಟೂ ತೊಡಕು.

ಇಂಥ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ.

ಒಂದು, ವಿವಾದಕ್ಕೊಳಗಾದ ಭಾಗದ ಕೆಲಸವನ್ನಷ್ಟೇ ನಿಲ್ಲಿಸಿ, ಉಳಿದದ್ದನ್ನು ಮುಂದುವರಿಸಬೇಕು.

ಎರಡು, ಕಿರಿಯ ಇಂಜಿನಿಯರ್ ಅವರಿಂದ ಸ್ಥಳ ಪರಿಶೀಲನೆ ಮಾಡಿಸಿ ನಾಲ್ಕು ಅಂಶಗಳನ್ನು ಬರವಣಿಗೆಯಲ್ಲಿ ಪಡೆಯಬೇಕು: ಬದಲಾವಣೆಗೆ ಕಾರಣವೇನು, ವೆಚ್ಚ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ, ಎಷ್ಟು ದಿನ ಹೆಚ್ಚು ಬೇಕು, ಯಾರಿಗೆ ಬಾಧೆಯಾಗುತ್ತದೆ.

ಮೂರು, ಬಾಧಿತರಾಗುವವರ ಅಭಿಪ್ರಾಯ ಕೇಳಿ, ಪಂಚಾಯಿತಿ ಸಭೆಯಲ್ಲಿ ಚರ್ಚಿಸಿ, ನಿರ್ಣಯವನ್ನು ನಡವಳಿಯಲ್ಲಿ ದಾಖಲಿಸಬೇಕು.

ನಾಲ್ಕು, ಪರಿಷ್ಕೃತ ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ನೀಡುವ ಪ್ರಾಧಿಕಾರದ ಒಪ್ಪಿಗೆ ಪಡೆದು, ಲಿಖಿತ ಆದೇಶ ದೊರೆತ ಮೇಲೆಯೇ ಕೆಲಸ ಆರಂಭಿಸಬೇಕು.

ಐದು, ಆದಂತೆಯೇ ಅಳತೆ ದಾಖಲಾಗಬೇಕು. ಮುಂದಿನ ಗ್ರಾಮ ಸಭೆಯಲ್ಲಿ ಬದಲಾವಣೆಯನ್ನೂ ಅದರ ವೆಚ್ಚವನ್ನೂ ಓದಿ ಹೇಳಬೇಕು.

ಇದರಿಂದ ಕೆಲಸ ತಡವಾಗುವುದಿಲ್ಲವೇ ಎಂದು ತಾವು ಕೇಳಬಹುದು. ಕೆಲವು ದಿನ ತಡವಾಗುತ್ತದೆ, ನಿಜ. ಆದರೆ ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಲು, ನಿಂತ ಬಿಲ್ಲಿಗಾಗಿ ಅಲೆಯಲು ಹಿಡಿಯುವ ಕಾಲ ಅದಕ್ಕಿಂತ ಬಹಳ ಹೆಚ್ಚು. ತಡವನ್ನು ತಗ್ಗಿಸುವ ಉಪಾಯ ಯೋಜನೆಯ ಹಂತದಲ್ಲಿಯೇ ಇದೆ. ಅಂದಾಜು ಪಟ್ಟಿ ತಯಾರಿಸುವ ಮೊದಲು ಎರಡು ಮೂರು ಕಡೆ ಗುಂಡಿ ತೋಡಿ ನೆಲ ನೋಡಿದರೆ, ಆ ಬಂಡೆ ಕಾಗದದ ಮೇಲೆಯೇ ಸಿಗುತ್ತಿತ್ತು. ಕಾಗದದ ಮೇಲಿನ ಗೆರೆ ಅಳಿಸುವುದು ಸುಲಭ, ಕಾಂಕ್ರೀಟ್ ಅಳಿಸಲಾಗದು.

ಬದಲಾವಣೆಯೇ ಬೇಡವೆಂದು ಹಟ ಹಿಡಿಯುವುದೂ ಸರಿಯಲ್ಲ. ನೆಲವೂ ಜನರ ಅಗತ್ಯವೂ ನಾವು ಬರೆದ ಪಟ್ಟಿಯಂತೆಯೇ ಇರಬೇಕೆಂದಿಲ್ಲ. ಬದಲಾವಣೆ ಬಂದಾಗ ಸಕಾರಣವಾಗಿ ಒಪ್ಪುವ ಅಥವಾ ಸಕಾರಣವಾಗಿ ನಿರಾಕರಿಸುವ ಅಧಿಕಾರ ತಮ್ಮ ಸಭೆಯದು. ಒಬ್ಬ ಸದಸ್ಯರದೂ ಅಲ್ಲ, ಗುತ್ತಿಗೆದಾರರದೂ ಅಲ್ಲ. ಆ ಅಧಿಕಾರ ಉಳಿಯುವುದು ನಡವಳಿ ಪುಸ್ತಕದ ಮೂಲಕ.

ಆದ್ದರಿಂದ ಸದಸ್ಯರಲ್ಲಿ ನನ್ನ ಒಂದೇ ವಿನಂತಿ. ತಮ್ಮ ಪಂಚಾಯಿತಿಯಲ್ಲಿ ಈಗ ನಡೆಯುತ್ತಿರುವ ಪ್ರತಿಯೊಂದು ಕಾಮಗಾರಿಯ ಮಂಜೂರಾದ ನಕ್ಷೆಯನ್ನು ಮುಂದಿನ ಸಭೆಗೆ ತರಿಸಿ, ಸ್ಥಳದಲ್ಲಿ ಆಗಿರುವ ಕೆಲಸದೊಂದಿಗೆ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡಲ್ಲಿ ಅದರ ಆದೇಶ ಎಲ್ಲಿದೆ ಎಂದು ಕೇಳಿರಿ.