ಆಳಕ್ಕಿಳಿದ ಗಡಿಯಾರಗಳು

ಕೈಯಲ್ಲಿರುವ ಫೋನೇ ಸಮಯ ಹೇಳುವಾಗ, ಅರ್ಧ ಶತಮಾನ ದಾಟಿದ, ಮುಳುಗುಗಾರರ ಉಕ್ಕಿನ ಕೈಗಡಿಯಾರಕ್ಕೆ ಜನ ಏಕೆ ಮನಸೋಲುತ್ತಾರೆ?

ಸ್ವಿಟ್ಜರ್ಲೆಂಡಿನ ಬ್ಲಾಂಕ್‌ಪಾ ಗಡಿಯಾರ ಕಂಪನಿಯ ಮುಖ್ಯಸ್ಥರಾಗಿದ್ದ ಜಾನ್-ಜಾಕ್ ಫೀಶ್ಟರ್ ಸ್ವತಃ ಮುಳುಗುಗಾರರಾಗಿದ್ದರು. ಒಮ್ಮೆ ಫ್ರಾನ್ಸಿನ ದಕ್ಷಿಣ ಕಡಲಲ್ಲಿ ಹೊತ್ತಿನ ಪರಿವೆ ತಪ್ಪಿತು. ಸಿಲಿಂಡರಿನ ಗಾಳಿ ಮುಗಿಯಿತು. ಹೇಗೋ ಬದುಕಿ ಬಂದರು. ಆ ಅನುಭವದ ಬಳಿಕ 1953ರಲ್ಲಿ ಅವರು ಹೊರತಂದ 'ಫಿಫ್ಟಿ ಫ್ಯಾದಮ್ಸ್' ಎಂಬ ಕೈಗಡಿಯಾರ ಸುಮಾರು 91 ಮೀಟರ್ ಆಳ ತಾಳುತ್ತಿತ್ತು. ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಅದನ್ನು ನಂಬಿ ಕಟ್ಟಿಕೊಂಡರು.

ಇಂಥ ಗಡಿಯಾರಗಳ ಗಾಜಿನ ಸುತ್ತ ತಿರುಗುವ ಬಳೆಯೊಂದಿದೆ. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಎಷ್ಟು ಹೊತ್ತಾಯಿತೆಂದು ಕಣ್ಣಿಗೇ ಕಾಣುತ್ತದೆ. ಮುಂದೆ ಬಂದ ಬಳೆಗಳು ಒಂದೇ ದಿಕ್ಕಿಗೆ ತಿರುಗುವಂತಾದವು. ಬಂಡೆಗೆ ತಗುಲಿ ಬಳೆ ಜರುಗಿದರೂ ಕಳೆದ ಹೊತ್ತನ್ನು ಹೆಚ್ಚಾಗಿಯೇ ತೋರಿಸುತ್ತದೆ, ಕಡಿಮೆಯಾಗಿ ಅಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೇ. ತಪ್ಪುವಾಗಲೂ ಜೀವ ಕಾಯುವ ಈ ಜಾಣ್ಮೆ ನನ್ನನ್ನು ಬೆರಗುಗೊಳಿಸುತ್ತದೆ.

ಕತ್ತಲಲ್ಲಿ ಹೊಳೆಯಲು ಅಂಕಿಗಳಿಗೆ ಮೊದಲು ರೇಡಿಯಂ, ಆಮೇಲೆ ಟ್ರಿಟಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಟ್ರಿಟಿಯಂನ ಶಕ್ತಿ ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹೊಳಪು ಹೋಗಿ ಬಿಳಿ ಚುಕ್ಕೆಗಳು ಕೆನೆಬಣ್ಣಕ್ಕೆ ತಿರುಗುತ್ತವೆ. ಸಂಗ್ರಾಹಕರು ಹುಡುಕುವುದು ಆ ಬಣ್ಣವನ್ನೇ. ಉಕ್ಕಿನ ಗೀರುಗಳನ್ನು ಪಾಲಿಶ್ ಮಾಡಿ ಅಳಿಸಿದರೆ ಅವರಿಗೆ ಸಂಕಟ. ನನಗೂ ಅದು ಸರಿಯೆನಿಸುತ್ತದೆ. ಗೀರಿನ ಜೊತೆ ದುಡಿಮೆಯ ಗುರುತೂ ಹೋಗುತ್ತದೆ.

ಆದರೆ ಹಳೆಯದನ್ನು ಕಟ್ಟಿಕೊಂಡು ಈಜಲು ಇಳಿಯಬೇಡಿ. ಒಳಗಿನ ರಬ್ಬರ್ ಉಂಗುರಗಳು ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಮೊದಲು ಬಲ್ಲ ರಿಪೇರಿಯವರಿಂದ ಅವನ್ನು ಬದಲಿಸಿಕೊಂಡು ಒತ್ತಡದ ಪರೀಕ್ಷೆ ಮಾಡಿಸಿ.