ಫಸಲಿನ ದುಡ್ಡು

ಅದಿರಿನ ಭರಾಟೆಯಲ್ಲಿ ಬಳ್ಳಾರಿಯ ಎಷ್ಟೋ ಮನೆಗಳ ಮುಂದೆ ಸಾಲದ ಲಾರಿಗಳು ಬಂದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆಯಿತು. ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಗಳಿಕೆ ಹೀಗೇ ಬರುತ್ತಿರುತ್ತದೆ ಎಂಬ ಭರವಸೆಯೇ ಮುಳುಗಿಸಿದ್ದು.

ಸಿರುಗುಪ್ಪ, ಕುರುಗೋಡಿನ ರೈತರಿಗೆ ಗಳಿಕೆಯ ಈ ಏರುಪೇರು ಹೊಸದಲ್ಲ. ತುಂಗಭದ್ರೆಯ ನೀರು ಸಿಕ್ಕರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಲ್ಲರ ಎದೆ ಧಸಕ್ಕೆಂದಿತ್ತು. ಭತ್ತ ಮಾರಿದ ದಿನವೇ ಗೊಬ್ಬರದಂಗಡಿಯ ಬಾಕಿ ತೀರಿಸಿ, ಮುಂದಿನ ಬಿತ್ತನೆಯ ಖರ್ಚು ತೆಗೆದಿಟ್ಟು, ಉಳಿದದ್ದರಲ್ಲೇ ಮದುವೆ ಮಾಡುವ ಮನೆ ಹೊಲ ಉಳಿಸಿಕೊಳ್ಳುತ್ತದೆ. ಆಮೇಲೂ ಮಿಕ್ಕಿದ್ದನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಟ್ಟರೆ, ಶೇಕಡಾ 7ರ ಚಕ್ರಬಡ್ಡಿಯಲ್ಲಿ ಹಣ ಸುಮಾರು 10 ವರ್ಷಕ್ಕೆ ಇಮ್ಮಡಿ.

ಈ ಸಲ ಫಸಲಿನ ಲೆಕ್ಕ ಬರೆಯುವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.