ಪಹಣಿಯಲ್ಲಿ ಸಿಗದ ಹೆಸರು

ತಾತನ ಹೆಸರು ಎಲ್ಲರಿಗೂ ಗೊತ್ತು. ಮುತ್ತಾತನ ಹೆಸರು ಕೆಲವರಿಗೆ ಗೊತ್ತು. ಮುತ್ತಾತನ ತಾಯಿಯ ಹೆಸರೇನು ಎಂದು ಕೇಳಿ ನೋಡಿ. ಪಿತೃಪಕ್ಷದಲ್ಲಿ ಎಡೆಯಿಟ್ಟು ಕೈಮುಗಿದು ನಿಂತವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕೋಲಾರದ ಕಡೆ ಹಿರಿಯರ ಹುಡುಕಾಟ ಶುರುವಾಗುವುದು ಹೆಚ್ಚಾಗಿ ತಾಲ್ಲೂಕು ಕಚೇರಿಯಲ್ಲಿ. ಭಕ್ತಿಯಿಂದ ಅಂತೇನಲ್ಲ, ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕಲ್ಲ, ಅದಕ್ಕೆ. ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಹಳೆಯ ಕೈಬರಹದ ಪಹಣಿಯ ನಕಲು ತೆಗೆಸಿದರೆ ‘ಮುನಿಯಪ್ಪ ಬಿನ್ ವೆಂಕಟಪ್ಪ’, ಅಂದರೆ ವೆಂಕಟಪ್ಪನ ಮಗ ಮುನಿಯಪ್ಪ, ಅಂತ ಇರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ‘ವೆಂಕಟಪ್ಪ ಬಿನ್ ಮುನಿಯಪ್ಪ’. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಸೀಮೆ ಇದು. ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ, ಮುನಿವೆಂಕಟಪ್ಪ, ಇವರಲ್ಲಿ ನಮ್ಮವರು ಯಾರು ಅಂತ ತಿಳಿಯಬೇಕಾದರೆ ಸರ್ವೆ ನಂಬರೇ ಗತಿ. ಹೆಂಗಸಿನ ಹೆಸರು ಬಂದರೆ ಗಂಡ ತೀರಿಕೊಂಡ ಮೇಲೆ, ‘ಮುನಿಯಮ್ಮ ಕೋಂ ಮುನಿಯಪ್ಪ’, ಮುನಿಯಪ್ಪನ ಹೆಂಡತಿ ಅಂತ. ಆಕೆ ಯಾವ ಊರಿನ ಮಗಳು, ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟನ್ನು ಮಣ್ಣಿಗಿಟ್ಟಳು? ಕಂದಾಯ ಇಲಾಖೆಗೆ ಅದು ಬೇಕಿರಲಿಲ್ಲ.

ಸ್ವಂತ ಹೊಲ ಇಲ್ಲದವರ ಪಾಡು ಇನ್ನೂ ಕಷ್ಟ. ವರ್ಷವಿಡೀ ಹರಿಯುವ ಹೊಳೆ ಇಲ್ಲದೆ ಕೆರೆಯನ್ನೇ ನಂಬಿ ಬದುಕಿದ ಜಿಲ್ಲೆ ನಮ್ಮದು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದವರು ನೀರುಗಂಟಿಗಳು. ಎಷ್ಟೋ ಊರುಗಳಲ್ಲಿ ಅವರು ದಲಿತ ಮನೆತನದವರು. ಊರಿಗೆಲ್ಲ ಅನ್ನ ಬೇಯುವುದು ಇವರ ಕೈಯಲ್ಲಿತ್ತು. ಆದರೂ ಕಾಗದದಲ್ಲಿ ಇವರು ಕಾಣಿಸಿಕೊಳ್ಳುವುದು ಚಾಕರಿಗೆ ಕೊಟ್ಟ ಇನಾಂ ಜಮೀನಿನ ಲೆಕ್ಕದಲ್ಲಿ ಮಾತ್ರ. ಊರ ಚಾಕರಿ ಮಾಡುತ್ತಿದ್ದ ತೋಟಿಗಳದೂ ಇದೇ ಕಥೆ. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಜಮೀನು ಮರುಮಂಜೂರು ಮಾಡಿಸಿಕೊಳ್ಳಲು ಹಾಕಿದ ಅರ್ಜಿಗಳಲ್ಲಿ ಕೆಲವು ಮನೆಗಳ ವಂಶಾವಳಿ ಉಳಿದಿರುವುದುಂಟು.

ಅದಕ್ಕೂ ಹಿಂದೆ ಹೋದರೆ ಧಾತು ಸಂವತ್ಸರದ ಬರ ಅಡ್ಡ ನಿಂತಿದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು, 1881ರ ಹೊತ್ತಿಗೆ 42 ಲಕ್ಷವೂ ಇರಲಿಲ್ಲ. ಕೋಲಾರ ಬಹಳ ಜನ ಸತ್ತ ಸೀಮೆಗಳಲ್ಲೊಂದು. ಮನೆತನದ ನೆನಪು ಅಲ್ಲಿಗೇ ಕಡಿದುಹೋಗಿದ್ದರೆ ಯಾರನ್ನು ದೂರೋಣ?

ವಿಚಿತ್ರ ನೋಡಿ. ಸಾವಿರ ವರ್ಷದ ಹಿಂದೆ ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಹೆಸರು ನಮಗೆ ಸಿಗುತ್ತದೆ. ಅವನ ವೀರಗಲ್ಲು ಹೊಲದ ಬದುವಿನಲ್ಲಿದೆ. ಶಾಸನತಜ್ಞ ಬಿ. ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಸೇರಿಸಿ ಅಚ್ಚು ಹಾಕಿಸಿದ್ದಾರೆ. ನೂರು ವರ್ಷದ ಹಿಂದೆ ಆ ಬದುವಿನ ಮೇಲೆಯೇ ಬುತ್ತಿ ಹೊತ್ತು ಓಡಾಡಿದ ಅವ್ವನ ಹೆಸರು ಸಿಗುವುದಿಲ್ಲ.

ಹೆಣ್ಣುಮಕ್ಕಳು ವಂಶವೃಕ್ಷದೊಳಗೆ ಬಂದದ್ದು ಈಚೆಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಮಾಲೂರಿನ ಮೇಲೆ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹಾದು, ಪರಿಹಾರದ ಹಣದ ಮಾತು ಬಂದಾಗ, ಎಷ್ಟೋ ವರ್ಷ ಹಬ್ಬಕ್ಕೂ ಕರೆಯದ ಸೋದರತ್ತೆಯ ಮನೆಗೆ ದಾರಿ ತಾನಾಗಿ ತಿಳಿಯಿತು. ಸೀರೆ, ಹಣ್ಣು, ಜೊತೆಗೆ ಹಕ್ಕು ಬಿಡುಗಡೆ ಪತ್ರ. ಹೆಬ್ಬೆಟ್ಟು ಒತ್ತಿಸಿಕೊಂಡು ಕಾಫಿ ಆರುವ ಮೊದಲೇ ಎದ್ದು ಬಂದವರೂ ಇದ್ದಾರೆ.

ನಾವು ಕಚೇರಿಯಲ್ಲಿ ಹುಡುಕುತ್ತಿದ್ದ ಹೆಸರುಗಳು ಇದ್ದದ್ದು ಆ ಅತ್ತೆಯ ಹತ್ತಿರವೇ. ಯಾವ ಹುಡುಗಿಯನ್ನು ಮುಳಬಾಗಿಲಿನ ಯಾವ ಹಳ್ಳಿಗೆ ಕೊಟ್ಟರು, ಯಾವ ಸೊಸೆ ಆಂಧ್ರದ ಗಡಿಯಾಚೆಯಿಂದ ಬಂದಳು, ಯಾವ ಕೂಸು ಪ್ಲೇಗಿನ ವರ್ಷ ಹೋಯಿತು, ಎಲ್ಲ ಅವರ ಬಾಯಲ್ಲಿದೆ. ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಭಾನುವಾರ ಯಾವ ಕಾಗದವನ್ನೂ ಹಿಡಿಯದೆ ಹೋಗಿ ಕೂತುಕೊಳ್ಳಿ. ಮೊದಲು ಅವರ ಮಂಡಿನೋವಿನ ಮಾತು ಕೇಳಬೇಕಾಗುತ್ತದೆ. ಆಮೇಲೆ ಹೆಸರುಗಳು ಬರುತ್ತವೆ. ಮುತ್ತಾತ ಹೆಂಡದಂಗಡಿ ಸಾಲಕ್ಕೆ ಜೋಡೆತ್ತು ಮಾರಿದ್ದು, ಮುತ್ತಜ್ಜಿ ಕೂಲಿ ಮಾಡಿ ಮತ್ತೆ ಎತ್ತು ಕೊಂಡದ್ದು ಸಹ ಬರಬಹುದು. ಬೇಡ ಅನ್ನಬೇಡಿ, ಅದನ್ನೂ ಬರೆದುಕೊಳ್ಳಿ.